ಸ್ಟ್ರಿಪ್ ಬರೆಯಲು ಚಿತ್ರ ಚೆನ್ನಾಗಿ ಬಂದರೆ ಸಾಕೆ?

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಚಿತ್ರ ಕೈಗೆ ಹತ್ತಿದೆ ಸರ್, ಪತ್ರಿಕೆಗೆ ದಿನಾ ನಾಲ್ಕು ಚೌಕದ ಸ್ಟ್ರಿಪ್ ಬರೆಯಬಹುದಲ್ಲ?" ಸ್ಟ್ರಿಪ್ ಎಂದರೆ ಸಾಲಾಗಿ ಜೋಡಿಸಿದ ಚೌಕಗಳಲ್ಲಿ ಚಿತ್ರ, ಮಾತು ಸೇರಿಸಿ ನಗಿಸುವ ಪುಟ್ಟ ಚಿತ್ರಕಥೆ. ಬರೆಯಬಹುದು. ಆದರೆ ಚಿತ್ರ ಚೆನ್ನಾಗಿ ಬರುವವರೂ ಎರಡು ಕಡೆ ಎಡವುತ್ತಾರೆ: ಅಕ್ಷರದಲ್ಲಿ, ಮುಂಚೆಯೇ ಬರೆದಿಡುವ ದಾಸ್ತಾನಿನಲ್ಲಿ.

ಮೊದಲು ಅಕ್ಷರ. ಪತ್ರಿಕೆಯಲ್ಲಿ 15 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರ ಸಿಗುತ್ತದೆ ಎಂದುಕೊಳ್ಳಿ. ಎರಡರಷ್ಟು ಅಳತೆಯಲ್ಲಿ, ಅಂದರೆ 30ಕ್ಕೆ 10ರಲ್ಲಿ ಬರೆಯಬೇಕು, ಅಚ್ಚಿನಲ್ಲಿ ಅದು ಅರ್ಧಕ್ಕೆ ಕುಗ್ಗುತ್ತದೆ. ಒಂದು ಚೌಕಕ್ಕೆ ಸುಮಾರು 7 ಸೆಂ.ಮೀ. ಅಗಲ. ಅಕ್ಷರ 5 ಮಿ.ಮೀ.ಗಿಂತ ಚಿಕ್ಕದಾದರೆ ಅಚ್ಚಿನಲ್ಲಿ ಓದಲಾಗದು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಅಷ್ಟೇ ಜಾಗ ಕೆಳಗೂ ಬಿಡಬೇಕು. ಹಾಗಾಗಿ ಒಂದು ಸಾಲಿಗೆ 1 ಸೆಂ.ಮೀ. ಹೋಯಿತು. ಮೂರು ಸಾಲಿನ ಮಾತು ಹಾಕಿದರೆ ಚೌಕದ ಎತ್ತರದಲ್ಲಿ 3 ಸೆಂ.ಮೀ. ಮಾತಿಗೇ ಹೋಯಿತು. ಅದಕ್ಕೇ ಪೆನ್ಸಿಲ್ಲಿನಲ್ಲಿ ಮೊದಲು ಮಾತು, ಆಮೇಲೆ ಅದರ ಸುತ್ತ ಬಲೂನಿನಂಥ ಗೆರೆ, ಕೊನೆಗೆ ಮಾತಾಡುವ ಆಳಿನ ಚಿತ್ರ. ಆಳನ್ನು ಮೊದಲು ಬರೆದವರು ಮಾತನ್ನು ಮೂಲೆಗೆ ತುರುಕುತ್ತಾರೆ. ಮೊದಲು ಮಾತಾಡುವವರು ಎಡಗಡೆಯೇ ನಿಲ್ಲಬೇಕು, ಇಲ್ಲದಿದ್ದರೆ ಮಾತಾಡುವವರತ್ತ ಚಾಚುವ ಬಲೂನುಗಳ ಬಾಲ ಒಂದನ್ನೊಂದು ದಾಟುತ್ತವೆ.

ನ್ಯೂಸ್‌ಪ್ರಿಂಟ್ ಮಸಿ ಹೀರುವ ಕಾಗದ, ಗೆರೆ ಹರಡುತ್ತದೆ. ಥ ಮತ್ತು ಧ ಬೇರೆಯಾಗುವುದು ನಡುವಿನ ಒಂದು ಚುಕ್ಕೆಯಿಂದ. ಅಕ್ಷರದ ಹೊಟ್ಟೆ ಮಸಿಯಲ್ಲಿ ಕಟ್ಟಿಕೊಂಡರೆ ಎರಡೂ ಒಂದೇ. ಹೊಟ್ಟೆಯನ್ನು ಕೊಂಚ ಅಗಲಿಸಿಯೇ ಬರೆಯಿರಿ.

ಮಾತು ಕಡಿಮೆ ಮಾಡುವುದು ಇನ್ನೂ ಕಷ್ಟ. ಬೆಣ್ಣೆದೋಸೆ ಹೋಟೆಲಿನ ಯಜಮಾನನ ಬಾಯಲ್ಲಿ "ಈ ಸಲ ಬೆಣ್ಣೆಯ ಬೆಲೆ ಬಹಳ ಏರಿರುವುದರಿಂದ ದೋಸೆಗೆ ಕಡಿಮೆ ಹಾಕುತ್ತಿದ್ದೇವೆ" ಎಂದು ಹೇಳಿಸಬೇಡಿ. "ಬೆಣ್ಣೆ ತುಟ್ಟಿ ಆಗೈತ್ರಿ" ಸಾಕು. ಉಳಿದದ್ದನ್ನು ದೋಸೆ ಮೇಲಿನ ಕಡಲೆಕಾಳಿನಷ್ಟು ಬೆಣ್ಣೆ ಹೇಳುತ್ತದೆ. ನಾಲ್ಕು ಚೌಕ ಸೇರಿ 30 ಪದ ದಾಟಿದರೆ ಮತ್ತೆ ತಿದ್ದಿ. ನಮ್ಮ ಕಡೆಯ ಮಾತು ತಾನಾಗಿಯೇ ಚಿಕ್ಕದು, ಗ್ರಂಥದ ಭಾಷೆ ಜಾಗ ತಿನ್ನುತ್ತದೆ.

ಹೊಸ ನಿಬ್ಬಿಗೆ ಎಣ್ಣೆ ಸವರಿರುತ್ತದೆ, ಮಸಿ ಹಿಡಿಯುವುದಿಲ್ಲ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆಯಿರಿ. ಸ್ಕ್ಯಾನ್ 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಕಡಿಮೆ ಬೇಡ. ಗೆರೆ, ಅಕ್ಷರಕ್ಕೆ ಬರೀ ಕಪ್ಪು ಮಸಿ ಇರಲಿ. ಅಚ್ಚಿನ ನಾಲ್ಕೂ ಬಣ್ಣ ಬೆರೆಸಿದ ಕಪ್ಪಾದರೆ ಒಂದು ಬಣ್ಣದ ಅಚ್ಚಿನ ಪ್ಲೇಟು ಕೂದಲೆಳೆ ಜರುಗಿದರೂ ಅಕ್ಷರಕ್ಕೆ ನೆರಳು ಮೂಡುತ್ತದೆ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಗೆರೆಯ ಅಂಚು ಒಡೆಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಇನ್ನು ದಾಸ್ತಾನು. ವಾರಕ್ಕೆ ಆರು ಸ್ಟ್ರಿಪ್ ಆದರೆ ಕೈಯಲ್ಲಿ ಯಾವಾಗಲೂ 12 ಇರಬೇಕು. ಸೋಮವಾರ ಹತ್ತು ಹನ್ನೆರಡು ಮಾತು ಬರೆದಿಟ್ಟು ಮರುದಿನ ಓದಿ ಆರನ್ನು ಆರಿಸಿ. ರಾತ್ರಿ ನಗಿಸಿದ್ದು ಬೆಳಿಗ್ಗೆ ಸಪ್ಪೆ ಎನಿಸುವುದುಂಟು. ಜ್ವರ ಬಂದಾಗ, ಮದುವೆ ಬಂದಾಗ ಕಾಯುವುದು ಈ ದಾಸ್ತಾನು. ಅಮೆರಿಕದ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಶುಲ್ಜ್ 1950ರಿಂದ 2000ದವರೆಗೆ 'ಪೀನಟ್ಸ್' ಸ್ಟ್ರಿಪ್ಪನ್ನು ಒಂಟಿ ಕೈಯಲ್ಲಿ 17,897 ಸಲ ಬರೆದರು. ಅಕ್ಷರವೂ ಅವರದೇ. ಅವರ ಕೊನೆಯ ಭಾನುವಾರದ ಸ್ಟ್ರಿಪ್ ಅಚ್ಚಾದದ್ದು ಅವರು ತೀರಿಕೊಂಡ ಮರುದಿನ. ಮೊದಲೇ ಬರೆದಿಡುವ ಈ ಕ್ರಮದಲ್ಲಿ ಇವತ್ತಿನ ಸುದ್ದಿ ನಿಲ್ಲುವುದಿಲ್ಲ, ಅದು ಪಾಕೆಟ್ ಕಾರ್ಟೂನಿನ, ಅಂದರೆ ಒಂದೇ ಚೌಕದ ಪುಟ್ಟ ವ್ಯಂಗ್ಯಚಿತ್ರದ ಕೆಲಸ. ಸ್ಟ್ರಿಪ್ಪಿಗೆ ಬೇಕಾದದ್ದು ಮೂರು ನಾಲ್ಕು ಗಟ್ಟಿ ಪಾತ್ರ. ಮಂಡಕ್ಕಿ ಭಟ್ಟಿಯ ಅಜ್ಜಿಯೊಬ್ಬಳ ಹಟ ಸರಿಯಾಗಿ ಗೊತ್ತಿದ್ದರೆ ಬೇಸಿಗೆ, ನಲ್ಲಿ ನೀರು, ಮೊಮ್ಮಗನ ಪರೀಕ್ಷೆ ಎಲ್ಲಕ್ಕೂ ಅವಳೇ ಮಾತು ಕೊಡುತ್ತಾಳೆ.

ಹೊಟ್ಟೆಪಾಡು? ಅಮೆರಿಕದಲ್ಲಿ ಸಿಂಡಿಕೇಟ್ ಒಂದೇ ಸ್ಟ್ರಿಪ್ಪನ್ನು ನೂರಾರು ಪತ್ರಿಕೆಗೆ ಮಾರುತ್ತದೆ. ಕನ್ನಡದಲ್ಲಿ ಆ ವ್ಯವಸ್ಥೆ ಬೆಳೆದಿಲ್ಲ. ಹಾಗಾಗಿ ಕಥೆಗೆ ಚಿತ್ರ, ವ್ಯಂಗ್ಯಭಾವಚಿತ್ರ, ಪುಟವಿನ್ಯಾಸವನ್ನೂ ಕಲಿತಿರಿ. ಸಂಪಾದಕರ ಬಳಿ ಹೋಗುವಾಗ ಒಂದಲ್ಲ, 24 ಸ್ಟ್ರಿಪ್ ಒಯ್ಯಿರಿ. ನಾಲ್ಕು ವಾರ ಎಳೆಯಬಲ್ಲಿರಾ ಎಂಬುದನ್ನೇ ಅವರು ನೋಡುವುದು.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಹಕ್ಕಿನ ಸಾಲು ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹೊರಗಿನಿಂದ ಬರೆದುಕೊಡುವವರ ಸ್ಟ್ರಿಪ್ ಅವರದೇ. ಹಕ್ಕು ವರ್ಗಾಯಿಸಲು ಲಿಖಿತ ಪತ್ರ ಬೇಕು, ಅದರಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದರ್ಥ. ಪತ್ರಿಕೆಯ ನೌಕರರಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು, ಉಳಿದದ್ದು ನಿಮ್ಮದು. ಪುಸ್ತಕ, ಕ್ಯಾಲೆಂಡರ್, ಅನಿಮೇಷನ್ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ ಎಂದು ಒಂದು ಸಾಲು ಬರೆಸಿಕೊಳ್ಳಿ.