ಬಿ.ಎಚ್. ರಸ್ತೆಯ ಕೊನೆ

ತುಮಕೂರಿನಲ್ಲಿ ಬಿ.ಎಚ್. ರಸ್ತೆ ಇದೆ, ತಿಪಟೂರಿನಲ್ಲಿ ಇದೆ, ಅರಸೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರಗಳಲ್ಲಿಯೂ ಇದೆ. ಎಲ್ಲ ಊರುಗಳಲ್ಲಿಯೂ ಅದು ಒಂದೇ ರಸ್ತೆ ಎಂಬುದು, ಆ ಎರಡು ಅಕ್ಷರಗಳಿಗೆ ಬೆಂಗಳೂರು ಮತ್ತು ಹೊನ್ನಾವರ ಎಂದು ಅರ್ಥ ಎಂಬುದು, ಅದರ ಬದಿಯಲ್ಲೇ ಅಂಗಡಿ ಇಟ್ಟುಕೊಂಡ ಎಷ್ಟೋ ಮಂದಿಗೆ ಹೊಳೆದಿರುವುದಿಲ್ಲ. ತುಮಕೂರಿನಿಂದ ಹೊನ್ನಾವರದವರೆಗಿನ ಭಾಗಕ್ಕೆ ಬಹಳ ಕಾಲ ರಾಷ್ಟ್ರೀಯ ಹೆದ್ದಾರಿ 206 ಎಂಬ ಹೆಸರಿತ್ತು. ತಿಪಟೂರು ತಾಲ್ಲೂಕಿನ ನಮ್ಮ ತೆಂಗಿನ ತೋಟದಿಂದ ಈ ರಸ್ತೆಗೆ ನಾಲ್ಕು ಕಿಲೋಮೀಟರ್. ಎಪ್ಪತ್ತೆರಡು ವರ್ಷದ ಅಪ್ಪ ಈ ರಸ್ತೆಯಲ್ಲಿ ಕೊಬ್ಬರಿ ಚೀಲಗಳ ಜೊತೆ ಸಾವಿರ ಸಲ ಓಡಾಡಿದ್ದರೂ ಅದರ ಕೊನೆಯನ್ನು ನೋಡಿರಲಿಲ್ಲ. ಈ ಸಲದ ದಸರಾ ರಜೆಯಲ್ಲಿ ಮಕ್ಕಳು ಕಡಲು ನೋಡಬೇಕೆಂದು ಹಟ ಹಿಡಿದಾಗ, ಬೇರೆ ಯಾವ ದಾರಿಯನ್ನೂ ಯೋಚಿಸದೆ ಈ ರಸ್ತೆಯನ್ನೇ ಹಿಡಿದು ಹೊರಟೆವು.

ಅರಸೀಕೆರೆ ದಾಟುವವರೆಗೂ ಎರಡೂ ಬದಿಗೆ ನಮ್ಮದೇ ನೋಟ: ಸಾಲಿಗೆ ನೆಟ್ಟ ತೆಂಗು, ನಡುವೆ ರಾಗಿ ಹೊಲ, ನೀರು ಕಡಿಮೆಯಾದ ಕಡೆ ಸುಳಿ ಒಣಗಿ ನಿಂತ ಬೋಳು ಮರಗಳು. ಕಡೂರು, ತರೀಕೆರೆ ಬರುತ್ತಿದ್ದಂತೆ ಅಡಿಕೆ ಹೆಚ್ಚುತ್ತದೆ. ಭದ್ರಾವತಿಯಲ್ಲಿ ಭದ್ರೆಯನ್ನೂ ಶಿವಮೊಗ್ಗದಲ್ಲಿ ತುಂಗೆಯನ್ನೂ ದಾಟಿದೆವು. ಈ ಎರಡೂ ನದಿಗಳು ಕೂಡಲಿಯಲ್ಲಿ ಸೇರಿ, ಮುಂದೆ ಕೃಷ್ಣೆಯ ಪಾಲಾಗಿ ಪೂರ್ವದ ಕಡಲನ್ನು ಮುಟ್ಟುತ್ತವೆ. ಆದರೆ ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಮಾತ್ರ ಪಶ್ಚಿಮಕ್ಕೆ ತಿರುಗಿ, ನಾವು ಹೋಗುತ್ತಿದ್ದ ಹೊನ್ನಾವರಕ್ಕೇ ಹೋಗುತ್ತದೆ. ಸಾಗರದಿಂದ ಮುಂದೆ ರಸ್ತೆಗೂ ನದಿಗೂ ಗುರಿ ಒಂದೇ.

ಜೋಗದಲ್ಲಿ 253 ಮೀಟರ್ ಆಳಕ್ಕೆ ಬೀಳುವ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ತೆಳ್ಳಗೆ, ಆದರೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಮಳೆಗಾಲದ ಅಬ್ಬರವನ್ನು ಉಳಿದ ತಿಂಗಳುಗಳಲ್ಲಿ ಇಲ್ಲಿ ನಿರೀಕ್ಷಿಸುವಂತಿಲ್ಲ. ನೀರು ಇಷ್ಟೇ ಏಕೆ ಎಂದು ಮಗಳು ಕೇಳಿದಾಗ, ಉಳಿದ ನೀರು ಕರೆಂಟಾಗಿ ನಮ್ಮ ಬೋರ್‌ವೆಲ್ಲಿನ ಮೋಟಾರಿಗೂ ಬರುತ್ತದೆ ಎಂದು ಅಪ್ಪ ಹೇಳಿದರು. ನಾನು ಆ ಜಲಪಾತವನ್ನು ಹಾಗೆ ನೋಡಿರಲಿಲ್ಲ.

ಗೇರುಸೊಪ್ಪೆಯ ಘಟ್ಟ ಇಳಿಯುವಾಗ ಕಿಟಕಿಯ ಗಾಜು ಒಳಗಿನಿಂದ ಮಬ್ಬಾಯಿತು, ಮೈಗೆ ಅಂಗಿ ಅಂಟಿಕೊಂಡಿತು. ಗಾಳಿಯಲ್ಲೇ ನೀರಿತ್ತು. ಹದಿನಾರನೆಯ ಶತಮಾನದಲ್ಲಿ ಈ ಸೀಮೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಇಂದಿಗೂ ಇಲ್ಲಿನ ಕಾಡಿನ ನಡುವೆ ನಿಂತಿದೆ. ಘಟ್ಟದ ಮೇಲಿನ ಸರಕು ಕಡಲ ಕಡೆಗೆ ಇಳಿಯುತ್ತಿದ್ದ ಸೀಮೆ ಇದು ಎಂದು ತಿಳಿದ ಮೇಲೆ ಅಪ್ಪನಿಗೆ ಇಲ್ಲಿ ಇದ್ದಕ್ಕಿದ್ದಂತೆ ಸಲಿಗೆ ಬಂದಿತು. ಅವರೂ ಸರಕು ಸಾಗಿಸಿದವರೇ ತಾನೇ.

ಹೊನ್ನಾವರದಲ್ಲಿ ಬಿ.ಎಚ್. ರಸ್ತೆ ಮಂಗಳೂರು–ಗೋವಾ ಹೆದ್ದಾರಿಗೆ ಸೇರಿ ಮುಗಿಯುತ್ತದೆ. ಅಲ್ಲಿ ವಿಶೇಷವೇನೂ ಇಲ್ಲ, ವಾಹನಗಳು ತಿರುಗುತ್ತವೆ ಅಷ್ಟೆ. ಆದರೂ ಕಾರು ನಿಲ್ಲಿಸಿ ಕೆಳಗಿಳಿದೆವು. ಅಲ್ಲಿಂದ ಶರಾವತಿಯ ಸೇತುವೆ ದಾಟಿದರೆ ಕಾಸರಕೋಡು. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಅಲ್ಲಿನ ಕಡಲತೀರ ಚೊಕ್ಕಟವಾಗಿದೆ. ಕಡಲನ್ನು ಕಂಡ ಅಪ್ಪ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿಕೊಂಡು, ಬಹಳ ಹೊತ್ತು ಸುಮ್ಮನೆ ನಿಂತರು. ಆಮೇಲೆ ಅವರು ತಿರುಗಿ ನೋಡಿದ್ದು ದಡದ ತೆಂಗಿನ ಮರಗಳನ್ನು. ಉಪ್ಪುನೀರಿಗೆ ಇಷ್ಟು ಹತ್ತಿರ, ಬರೀ ಮರಳಿನಲ್ಲಿ, ಪಾತಿಯಿಲ್ಲದೆ, ಯಾರೂ ನೀರು ಹಾಯಿಸದೆ ಅವು ಗೊನೆ ತುಂಬಿ ಕಡಲಿನತ್ತ ಬಾಗಿದ್ದವು.

ಆ ರಾತ್ರಿ ಉಳಿದುಕೊಂಡದ್ದು ಹೊನ್ನಾವರದ ಹೊರಗೆ, ಶರಾವತಿಯ ಹಿನ್ನೀರಿಗೆ ಹತ್ತಿರವಿರುವ ಒಂದು ಮನೆಯಲ್ಲಿ. ಅಂಗಳದಲ್ಲಿ ತೆಂಗು, ತೆಂಗಿನ ಸಂದಿಯಲ್ಲಿ ಅಡಿಕೆ, ಅಡಿಕೆಗೆ ಹಬ್ಬಿದ ಮೆಣಸು, ಕೆಳಗೆ ಬಾಳೆ. ನಮ್ಮ ಕಡೆ ಮರದಿಂದ ಮರಕ್ಕೆ ಮೂವತ್ತು ಅಡಿ ಬಿಟ್ಟು ನೆಟ್ಟರೂ ನೀರು ಸಾಲದು. ಇಲ್ಲಿ ಒಂದಕ್ಕೊಂದು ಮೈ ತಾಗಿಸಿ ಬೆಳೆದಿವೆ. ಬಾವಿಕಟ್ಟೆಯ ಮೇಲೆ ಕೈಯೂರಿ ಬಗ್ಗಿ ನೋಡಿದ ಅಪ್ಪ ಕೊಡಪಾನ ಇಳಿಬಿಟ್ಟರು. ಹಗ್ಗ ಎರಡಾಳಿನಷ್ಟು ಇಳಿಯುವ ಮೊದಲೇ ನೀರು ಸಿಕ್ಕಿತು. ನಮ್ಮ ತೋಟದಲ್ಲಿ ಕೊರೆಸಿದ ಮೂರು ಬೋರ್‌ವೆಲ್‌ಗಳಲ್ಲಿ ಎಂಟುನೂರು ಅಡಿಯ ಒಂದು ಮಾತ್ರ ಬದುಕಿದೆ. ಅಪ್ಪ ಆ ನೀರಿನಲ್ಲಿ ಮುಖ ತೊಳೆದುಕೊಂಡು ಮತ್ತೊಂದು ಕೊಡ ಸೇದಿದರು. ಬೇಕಾಗಿರಲಿಲ್ಲ, ಆದರೂ ಸೇದಿದರು.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಮುರುಗಲು ಹಣ್ಣಿನ ಸಾರು, ತಂಬುಳಿ, ಎಲ್ಲದಕ್ಕೂ ಧಾರಾಳವಾಗಿ ರುಬ್ಬಿದ ಹಸಿ ಕಾಯಿ. ತೆಂಗು ಬೆಳೆಯುವ ನಮ್ಮ ಮನೆಯಲ್ಲಿ ಇಷ್ಟು ಕಾಯಿ ಬಳಸಿದ್ದನ್ನು ನಾನು ಕಂಡಿಲ್ಲ. ಅಟ್ಟಕ್ಕೆ ಹೋಗಬೇಕಾದ ಕಾಯನ್ನು ಸಾರಿಗೆ ಒಡೆಯುವುದಕ್ಕೆ ಅಮ್ಮನಿಗೆ ಮನಸ್ಸಾಗುತ್ತಿರಲಿಲ್ಲ.

ಊಟವಾದ ಮೇಲೆ ಅಪ್ಪ ಚೀಲದಿಂದ ನಾಲ್ಕು ಉಂಡೆ ಕೊಬ್ಬರಿಗಳನ್ನು ತೆಗೆದು ಮನೆಯ ಯಜಮಾನರ ಕೈಗಿತ್ತರು. ಅದರಲ್ಲಿ ಒಂದು ಇನ್ನೂ ಚಿಪ್ಪಿನೊಳಗೇ ಇತ್ತು. ಯಜಮಾನರು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಳಗೆ ನೀರಿನ ಸದ್ದಿಲ್ಲ. ಚಿಪ್ಪು ಬಿಟ್ಟ ಕೊಬ್ಬರಿ ಗಡಗಡ ಎಂದು ಉರುಳುವ ಸದ್ದು ಮಾತ್ರ.

"ಎಷ್ಟು ತಿಂಗಳು ಇಡ್ತೀರಿ?"

"ಅಟ್ಟದ ಮೇಲೆ ಹತ್ತು, ಹನ್ನೊಂದು ತಿಂಗಳು. ನೀರೆಲ್ಲ ತಾನೇ ಇಂಗುತ್ತೆ ಯಜಮಾನ್ರೇ, ನಾವೇನೂ ಮಾಡಲ್ಲ."

"ನಮ್ಮಲ್ಲಿ ಅಷ್ಟು ದಿವಸ ಇಟ್ರೆ ಮೊಳಕೆ ಬಂದ್ಬಿಡ್ತದೆ ಮಾರಾಯ್ರೆ. ಇಲ್ಲದಿದ್ರೆ ಕೊಳೀತದೆ. ಒಡೆದು ಬಿಸಿಲಿಗೆ ಹಾಕಿ ಎಣ್ಣೆ ಮಾಡ್ಲಿಕ್ಕೇ ಸೈ."

ಆ ಮಾತಿಗೆ ಅಪ್ಪನ ಮುಖದಲ್ಲಿ ಮೂಡಿದ ಬೆಳಕನ್ನು ನಾನು ಮರೆಯಲಾರೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ನಮ್ಮ ಸೀಮೆಯ ಒಣಹವೆಯನ್ನು ಅವರು ಜೀವಮಾನವಿಡೀ ಬೈದುಕೊಂಡೇ ಬಂದವರು. ನುಸಿ ಬಂದಾಗ, ಕಪ್ಪುತಲೆ ಹುಳು ಗರಿ ತಿಂದಾಗ, ಬೋರ್‌ವೆಲ್ ಬತ್ತಿದಾಗ, ಕರಾವಳಿಯವರ ಪುಣ್ಯವೇ ಪುಣ್ಯ ಎನ್ನುತ್ತಿದ್ದರು. ಆದರೆ ಚಿಪ್ಪಿನೊಳಗೇ ಕಾಯಿ ನಿಧಾನವಾಗಿ ಒಣಗಿ, ಬಿರುಕಿಲ್ಲದೆ ಇಡಿಯಾಗಿ ಕೊಬ್ಬರಿಯಾಗಬೇಕಾದರೆ ಬೇಕಾದದ್ದು ಅದೇ ಒಣಹವೆ. ಇಲ್ಲಿ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯಲ್ಲಿ ಮರ ಸುಖವಾಗಿರಬಹುದು, ಕೊಬ್ಬರಿ ಮಾತ್ರ ಉಂಡೆಯಾಗದು. ತಿಪಟೂರಿನ ಕೊಬ್ಬರಿ ಉತ್ತರ ಭಾರತದ ಮದುವೆ, ಪೂಜೆಗಳವರೆಗೆ ಹೋಗುವುದಕ್ಕೆ ಕಾರಣ ನಮ್ಮ ಜಾಣ್ಮೆಯಷ್ಟೇ ಅಲ್ಲ, ನಮ್ಮ ಬರಗಾಲದ ಹವೆಯೂ ಹೌದು. ನಾನು ಈ ಪ್ರವಾಸದಿಂದ ಹೊತ್ತು ತಂದ ಮುಖ್ಯ ಸಂಗತಿ ಇದೇ.

ಮರುದಿನ ಬೆಳಿಗ್ಗೆ ಕಾಸರಕೋಡಿನ ಕಾಂಡ್ಲಾವನದೊಳಗೆ ಮರದ ಹಲಗೆಯ ಕಾಲುದಾರಿಯಲ್ಲಿ ನಡೆದು, ಕೆಸರಿನಿಂದ ಮೇಲೆದ್ದ ಬೇರುಗಳನ್ನು ನೋಡಿದೆವು. ಮುರುಡೇಶ್ವರದಲ್ಲಿ 123 ಅಡಿಯ ಶಿವನ ಮೂರ್ತಿಯನ್ನು ಕಂಡು ಮಕ್ಕಳು ಹಿಗ್ಗಿದರು. ಜನಜಂಗುಳಿಯಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮರವಂತೆಯಲ್ಲಿ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳು ಅಲೆಯನ್ನು ಅಲ್ಲಲ್ಲಿ ಮರೆಮಾಡುತ್ತವೆಯಾದರೂ, ರಸ್ತೆ ಉಳಿಯಬೇಕಾದರೆ ಅವು ಇರಲೇಬೇಕು. ಉಡುಪಿಯಲ್ಲಿ ಕನಕನ ಕಿಂಡಿಯ ಮುಂದೆ ಅಪ್ಪ ಎರಡು ಸಲ ಕೈಮುಗಿದರು. ಅಲ್ಲಿ ಒಂದು ರಾತ್ರಿ ತಂಗಿದೆವು.

ವಾಪಸು ಬರುವುದಕ್ಕೆ ಕಾರ್ಕಳದ ಮೇಲೆ ಬಂದು ಗುರುವಾಯನಕೆರೆಯಲ್ಲಿ ಹೆದ್ದಾರಿ 73 ಹಿಡಿದೆವು. ಮಂಗಳೂರಿನಿಂದ ಹೊರಡುವ ಇದೂ ತಿಪಟೂರನ್ನು ಹಾದು ತುಮಕೂರಿಗೇ ಹೋಗುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಬಸ್ಸಿನ ಕೆಂಪು ದೀಪವೊಂದೇ ದಾರಿ ತೋರಿಸುತ್ತಿತ್ತು. ಕೊಟ್ಟಿಗೆಹಾರದಲ್ಲಿ ಬಿಸಿಬಿಸಿ ನೀರುದೋಸೆ ತಿಂದು ಮೂಡಿಗೆರೆಯತ್ತ ಹೊರಟಾಗ, ಹೇಮಾವತಿ ಹುಟ್ಟುವುದು ಇದೇ ತಾಲ್ಲೂಕಿನ ಜಾವಳಿಯ ಬಳಿ ಎಂದು ಮಕ್ಕಳಿಗೆ ಹೇಳಿದೆ. ಗೊರೂರಿನ ಅಣೆಕಟ್ಟಿನಿಂದ ನಾಲೆಯಲ್ಲಿ ಹರಿದು ನಮ್ಮ ಕೆರೆಗಳಿಗೆ ಬರುವ ನೀರು ಇದೇ. ಅಪ್ಪ ಕಿಟಕಿ ಇಳಿಸಿ ಆ ಬೆಟ್ಟಗಳ ಕಡೆ ನೋಡುತ್ತಾ ಕುಳಿತರು.

ಹೊನ್ನಾವರದ ಯಜಮಾನರು ಹೊರಡುವಾಗ ಎರಡು ಬಲಿತ ಕಾಯಿಗಳನ್ನು ಅಪ್ಪನ ಚೀಲಕ್ಕೆ ಹಾಕಿದ್ದರು. ಮೊಳಕೆಗಿಟ್ಟು ಬದುವಿನ ಮೇಲೆ ನೆಡೋಣ ಎಂದು ನಾನು ಹೇಳಿದೆ. ಅಪ್ಪ ಒಪ್ಪಲಿಲ್ಲ. ಅವುಗಳ ಮಟ್ಟೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ಏಣಿ ಹತ್ತಿ, ನಮ್ಮ ಕಾಯಿಗಳ ರಾಶಿಯ ಒಂದು ಮೂಲೆಗೆ ಇಟ್ಟಿದ್ದಾರೆ. ಕಡಲ ಕಾಯಿ ನಮ್ಮ ಅಟ್ಟದಲ್ಲಿ ಕೊಬ್ಬರಿಯಾಗುತ್ತದೋ ಇಲ್ಲವೋ ಮುಂದಿನ ದಸರಾ ಹೊತ್ತಿಗೆ ಅಲ್ಲಾಡಿಸಿ ನೋಡಬೇಕು.