ಗುಂಡಿನ ಹಾರಾಟದ ಲೆಕ್ಕ, ಮೂರನೇ ಸುತ್ತು: ಬ್ರೌನಿಂಗ್, ಬೆರೆಜಿನ್, ಎಂಜಿ 131, ಬ್ರೆಡಾ

ಎರಡನೇ ಮಹಾಯುದ್ಧದ ವಿಮಾನಗಳಲ್ಲಿದ್ದ 12.7 ಮತ್ತು 13 ಮಿ.ಮೀ. ಗನ್‌ಗಳನ್ನು ಹೋಲಿಸುವ ಸ್ಪ್ರೆಡ್‌ಶೀಟ್ ಈಗ ನಂಬಬಹುದಾದ ಹಂತಕ್ಕೆ ಬಂದಿದೆ. ಗುಂಡು ಎಷ್ಟು ಕೆಳಗಿಳಿಯುತ್ತದೆ ಎನ್ನುವುದಕ್ಕಿಂತ ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆ ಎನ್ನುವುದೇ ಮುಖ್ಯ ಎಂದು ಈ ಸುತ್ತಿನ ಅಂಕಿಗಳು ಹೇಳುತ್ತಿವೆ.

ಹಾಳೆಗೆ ಹಾಕಿದ್ದು ಇಷ್ಟು. ಅಮೆರಿಕದ ಬ್ರೌನಿಂಗ್ ಎಎನ್/ಎಂ2: 43.3 ಗ್ರಾಂ ಗುಂಡು, ನಳಿಗೆ ಬಿಡುವಾಗ ಸೆಕೆಂಡಿಗೆ 880 ಮೀ. ಸೋವಿಯತ್ ಬೆರೆಜಿನ್ ಯುಬಿ: 48 ಗ್ರಾಂ, 850 ಮೀ. ಇಟಲಿಯ ಬ್ರೆಡಾ-ಸಾಫಾಟ್: 36.7 ಗ್ರಾಂ, 760 ಮೀ. ಜರ್ಮನಿಯ ಎಂಜಿ 131: ಕವಚ ಭೇದಿಸುವ 38 ಗ್ರಾಂ ಗುಂಡು, 710 ಮೀ. ಜಪಾನಿನ ಹೋ-103ಕ್ಕೆ ಸದ್ಯ ಬೇರೆ ಸಾಲು ಕೊಟ್ಟಿಲ್ಲ. ಅದರದ್ದೂ ಬ್ರೆಡಾದ್ದೇ 12.7×81 (ಗುಂಡಿನ ವ್ಯಾಸ × ಕೋಶದ ಉದ್ದ, ಮಿ.ಮೀ.ಗಳಲ್ಲಿ) ಕಾಡತೂಸು. ಬ್ರೌನಿಂಗ್‌ನ ಕಾಡತೂಸಿನ ಹಿತ್ತಾಳೆ ಕೋಶ 99 ಮಿ.ಮೀ. ಉದ್ದ, ಎಂಜಿ 131ರದ್ದು ಬರೀ 64. ಮದ್ದು ಹಿಡಿಸುವ ಜಾಗವೇ ಅಷ್ಟು ಕಡಿಮೆ, ವೇಗದ ಅಂತರ ಹುಟ್ಟುವುದೇ ಅಲ್ಲಿ.

ಸೂತ್ರ ಸರಳ. ಗಾಳಿಯ ಸಾಂದ್ರತೆ, ಗುಂಡಿನ ಅಡ್ಡಕೊಯ್ತದ ವಿಸ್ತೀರ್ಣ, ಡ್ರ್ಯಾಗ್ ಗುಣಾಂಕ (ಗುಂಡಿನ ಆಕಾರಕ್ಕೆ ಗಾಳಿ ಎಷ್ಟು ತಡೆಯೊಡ್ಡುತ್ತದೆ ಎಂಬ ಅಳತೆ) ಈ ಮೂರನ್ನೂ ಗುಣಿಸಿ, ಗುಂಡಿನ ದ್ರವ್ಯರಾಶಿಯ ಎರಡರಷ್ಟರಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಅದನ್ನು 'ಕೆ' ಅನ್ನೋಣ. ಕೆ ಮತ್ತು ದೂರದ ಗುಣಲಬ್ಧದ ಎಕ್ಸ್‌ಪೊನೆನ್ಶಿಯಲ್ (ಸ್ಪ್ರೆಡ್‌ಶೀಟಿನ EXP) ತೆಗೆದು, ಅದರಲ್ಲಿ 1 ಕಳೆದು, ಕೆ ಮತ್ತು ಆರಂಭದ ವೇಗದ ಗುಣಲಬ್ಧದಿಂದ ಭಾಗಿಸಿದರೆ ಹಾರಾಟದ ಸಮಯ. ಸಾಂದ್ರತೆ ಘನ ಮೀಟರಿಗೆ 1.225 ಕೆ.ಜಿ., ಡ್ರ್ಯಾಗ್ ಎಲ್ಲಕ್ಕೂ 0.30 ಎಂದು ಹಿಡಿಯಲಾಗಿದೆ.

300 ಮೀಟರಿಗೆ ಬ್ರೌನಿಂಗ್ 0.370 ಸೆಕೆಂಡು, ಬೆರೆಜಿನ್ 0.380, ಬ್ರೆಡಾ 0.435, ಎಂಜಿ 131ಕ್ಕೆ 0.466. ನಳಿಗೆಯ ನೇರದಿಂದ ಇಳಿತ ನೋಡಿದರೆ ಬ್ರೌನಿಂಗ್ 64 ಸೆಂ.ಮೀ., ಎಂಜಿ 131 ಒಂದು ಮೀಟರು. ಈ 36 ಸೆಂ.ಮೀ. ಅಂತರವನ್ನು ಗನ್ ಕೂರಿಸುವಾಗಲೇ ತುಸು ಮೇಲೆತ್ತಿ ಸರಿಪಡಿಸಬಹುದು. ಸಮಯವನ್ನು ಹಾಗೆ ಸರಿಪಡಿಸಲು ಬರುವುದಿಲ್ಲ. ಗುರಿ ಸೆಕೆಂಡಿಗೆ 150 ಮೀ. ವೇಗದಲ್ಲಿ ಅಡ್ಡ ಹಾಯುತ್ತಿದ್ದರೆ ಬ್ರೌನಿಂಗ್ ಹೊಡೆಯುವವನು 55.5 ಮೀ. ಮುಂದಕ್ಕೆ ಗುರಿಯಿಡಬೇಕು, ಎಂಜಿ 131ರವನು ಸುಮಾರು 70 ಮೀ. ನಡುವಿನ 14 ಮೀಟರಿನಲ್ಲಿ ಒಂದು ಇಡೀ ಮಸ್ಟಾಂಗ್ ಯುದ್ಧವಿಮಾನ ಕೂರುತ್ತದೆ, ಇನ್ನೂ ಜಾಗ ಉಳಿಯುತ್ತದೆ!

ಹಿಂದಿನ ಸುತ್ತಿನ ಒಂದು ತಪ್ಪು ಇಲ್ಲಿ ತಿದ್ದಿದೆ. ಹಾರಿಸುವ ವಿಮಾನದ 150 ಮೀ. ವೇಗವನ್ನು ಗುಂಡಿನ ವೇಗಕ್ಕೆ ಕೂಡಿಸಿ, ದೂರವನ್ನು ಮಾತ್ರ 300 ಎಂದೇ ಬಿಟ್ಟಿದ್ದರಿಂದ ಬ್ರೌನಿಂಗ್‌ಗೆ 0.316 ಸೆಕೆಂಡು ಬರುತ್ತಿತ್ತು. ಬೆನ್ನಟ್ಟುವಾಗ ಗುರಿಯೂ ಅಷ್ಟೇ ವೇಗದಲ್ಲಿ ಓಡುತ್ತಿರುತ್ತದೆ. ಅದನ್ನು ಸೇರಿಸಿದರೆ 0.383. ಅಂದರೆ ನಿಂತ ಗುರಿಗಿಂತ ಹೆಚ್ಚೇ, ಏಕೆಂದರೆ ವೇಗ ಕೂಡಿದ ಗುಂಡಿಗೆ ಗಾಳಿಯ ತಡೆಯೂ ಹೆಚ್ಚು. ಈ ಹಾಳೆಯನ್ನು ನಕಲು ಮಾಡಿಕೊಂಡವರು ಈ ಕಾಲಂ ಅನ್ನು ತಪ್ಪದೆ ಬದಲಿಸಿ.

6000 ಮೀ. ಎತ್ತರದಲ್ಲಿ ಸಾಂದ್ರತೆ 0.660ಕ್ಕೆ ಇಳಿಯುತ್ತದೆ. ಆಗ ಹಗುರ ಗುಂಡುಗಳು ಸರಿಸಮ ಬರುತ್ತವೆ ಎಂಬ ನಿರೀಕ್ಷೆ ಹುಸಿ: 600 ಮೀಟರಿನ ಓಟದಲ್ಲಿ ಬ್ರೌನಿಂಗ್ ಮತ್ತು ಎಂಜಿ 131ರ ನಡುವಿನ ಅಂತರ 0.23 ಸೆಕೆಂಡಿನಿಂದ 0.19ಕ್ಕೆ ಇಳಿಯುತ್ತದೆ, ಅಷ್ಟೇ.

ಎಂಜಿ 131ರ ಬೆಲ್ಟಿನಲ್ಲಿ ಸ್ಫೋಟಕ ಗುಂಡೂ ಇರುತ್ತಿತ್ತು: 34 ಗ್ರಾಂ, 750 ಮೀ. ಫ್ಯೂಸ್ ಇರುವ ಮೊಂಡು ಮೂತಿಗೆ ಡ್ರ್ಯಾಗ್ 0.40 ಕೊಟ್ಟು ನೋಡಿದರೆ 300 ಮೀಟರಿಗೆ 0.463 ಸೆಕೆಂಡು. ಕವಚಭೇದಕದ ಜೊತೆಜೊತೆಗೇ ಮುಟ್ಟುತ್ತದೆ, ಇಳಿತದಲ್ಲಿ 4 ಸೆಂ.ಮೀ. ವ್ಯತ್ಯಾಸ. 600ಕ್ಕೆ ಹೋದರೆ 1.08 ಮತ್ತು 1.03 ಎಂದು ಬೇರೆಯಾಗುತ್ತವೆ. ಹಗುರ ಗುಂಡಿಗೆ ಹೆಚ್ಚು ವೇಗ ಕೊಟ್ಟ ಈ ಜೋಡಿ ನಿಜಕ್ಕೂ ಚೆಂದ.

ಇಷ್ಟರಿಂದ ಜರ್ಮನ್ ಗನ್ ಕಳಪೆ ಎಂದು ತೀರ್ಮಾನಿಸುವುದು ಅನ್ಯಾಯ. ಅದರ ತೂಕ 17 ಕೆ.ಜಿ., ಬ್ರೌನಿಂಗ್‌ನದ್ದು 29. ನಿಮಿಷಕ್ಕೆ 900 ಮತ್ತು 800 ಗುಂಡು ಎಂದು ಹಿಡಿದು, ಗನ್ನಿನ ಪ್ರತಿ ಕೆ.ಜಿ.ಗೆ ಸೆಕೆಂಡಿಗೆ ಹೊಮ್ಮುವ ಶಕ್ತಿ ತೆಗೆದರೆ ಎಂಜಿ 131ಕ್ಕೆ 8.5 ಕಿಲೋಜೌಲ್, ಬ್ರೌನಿಂಗ್‌ಗೆ 7.7. ಬ್ರೆಡಾ 29 ಕೆ.ಜಿ. ತೂಗಿಯೂ 4.3ರಲ್ಲೇ ನಿಲ್ಲುತ್ತದೆ. 21.5 ಕೆ.ಜಿ.ಯ ಬೆರೆಜಿನ್ ನಿಮಿಷಕ್ಕೆ 1000 ಗುಂಡಿನಂತೆ 13.4 ಮುಟ್ಟುತ್ತದೆ, ಈ ಪಟ್ಟಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಪ್ರೊಪೆಲ್ಲರ್ ರೆಕ್ಕೆಗಳ ನಡುವಿನಿಂದ ಹಾರಿಸುವಾಗ ಈ ದರ ಕುಸಿಯುತ್ತದೆ. ವಿದ್ಯುತ್ತಿನಿಂದ ಕಿಡಿ ಹೊತ್ತುವ ಎಂಜಿ 131ಕ್ಕೆ ಆ ನಷ್ಟ ಕಡಿಮೆ, ಹಾಗಾಗಿ ವಿಮಾನದ ಮೂತಿಯ ಗನ್‌ಗಳಿಗೆ ಪ್ರತ್ಯೇಕ ಕಾಲಂ ಬೇಕು.

ಮುಂದಿನ ಸುತ್ತಿಗೆ ಎರಡು ಕೆಲಸ ಬಾಕಿ: ಮ್ಯಾಕ್ ಸಂಖ್ಯೆಗೆ (ಶಬ್ದದ ವೇಗಕ್ಕೆ ಹೋಲಿಸಿದ ವೇಗ) ತಕ್ಕಂತೆ ಬದಲಾಗುವ ಡ್ರ್ಯಾಗ್ ಮತ್ತು ರೆಕ್ಕೆಯ ಗನ್‌ಗಳ ಕೂಡುದೂರ. ನಡುಗೆರೆಯಿಂದ 3 ಮೀ. ಆಚೆಗಿರುವ ಗನ್ 300 ಮೀಟರಿನಲ್ಲಿ ಗೆರೆ ಕೂಡಿದರೆ 600ರಲ್ಲಿ 3 ಮೀ. ಎದುರು ಬದಿಗೆ ಹೋಗಿರುತ್ತದೆ. ಮೂತಿಯ ಗನ್‌ಗಳಿಗೆ ಈ ತೊಡಕು ಇಲ್ಲವೇ ಇಲ್ಲ ಅನ್ನಬಹುದು.