ಬಿಸಿಲಿಗೆ ಬೆನ್ನು ತೋರಿಸಿ

ಮೇ 11, 2024, ಶನಿವಾರ, ರಾತ್ರಿ
ಕೆಮ್ಮಣ್ಣುಗುಂಡಿ ಬುಡದ ಒಂದು ಕಾಫಿ ತೋಟ

ಮಗ ರಗ್ಗು ಹೊದ್ದು ಮಲಗಿದ್ದಾನೆ. ಮೇ ತಿಂಗಳಲ್ಲಿ ರಗ್ಗು! ಬಳ್ಳಾರಿಯಲ್ಲಿ ಹೇಳಿದರೆ ಯಾರೂ ನಂಬಲ್ಲ, ಅದಕ್ಕೇ ಫೋಟೊ ತೆಗೆದಿಟ್ಟುಕೊಂಡಿದ್ದೇನೆ. ಸಂಜೆ ಮಳೆ ಬಂದಾಗ ಹೋದ ಕರೆಂಟ್ ಇನ್ನೂ ಬಂದಿಲ್ಲ. ಫ್ಯಾನ್ ತಿರುಗುತ್ತಿಲ್ಲ ಅನ್ನೋದು ನನ್ನ ಗಮನಕ್ಕೆ ಬಂದಿದ್ದೇ ಈಗ. ನಮ್ಮೂರಲ್ಲಿ ರಾತ್ರಿ ಕರೆಂಟ್ ಹೋದರೆ ಐದು ನಿಮಿಷದಲ್ಲಿ ಇಡೀ ಓಣಿ ಎದ್ದು ಹೊರಗೆ ಕೂತಿರುತ್ತದೆ.

ಈ ಸಲ ಎಲ್ಲಾದರೂ ಹೋಗಲೇಬೇಕು ಅಂತ ಹಟ ಹಿಡಿದವಳು ನಾನೇ. ಟೀಚರ್‌ಗಳಿಗೆ ಬೇಸಿಗೆ ರಜೆ ಅಂತ ಎಲ್ಲರಿಗೂ ಹೊಟ್ಟೆಕಿಚ್ಚು. ಲೋಕಸಭೆ ಚುನಾವಣೆ ಬಿದ್ದಿದ್ದು ಆ ರಜೆಯಲ್ಲೇ. ಆರನೇ ತಾರೀಖು ಬೆಳಗ್ಗೆ ಮಸ್ಟರಿಂಗ್ ಸೆಂಟರ್‌ನ ಶಾಮಿಯಾನದ ಕೆಳಗೆ ಮತಯಂತ್ರಕ್ಕೆ ಕಾದು, ಬಸ್ ಹತ್ತಿ, ಹಳ್ಳಿ ಶಾಲೆಯ ನೆಲದ ಮೇಲೆ ರಾತ್ರಿ ಕಳೆದು, ಮರುದಿನ ಬೆಳಗ್ಗೆ 7ರಿಂದ ಸಂಜೆ 6ರವರೆಗೆ ಬಂದವರ ಬೆರಳಿಗೆ ಶಾಯಿ ಹಚ್ಚುತ್ತಾ ಕೂತೆ. ಕೋಣೆಗೆ ಶೀಟಿನ ಮಾಡು. ಮಧ್ಯಾಹ್ನ ಎರಡಕ್ಕೆ ಮತ ಹಾಕೋಕೆ ಒಂದು ನರಪಿಳ್ಳೆಯೂ ಇಲ್ಲ. ಬೇರೆ ಬೇರೆ ಪಕ್ಷದ ಏಜೆಂಟರು ಒಂದೇ ಗೋಡೆಗೆ ಒರಗಿ, ಒಂದೇ ಥರ ಬಾಯಿ ತೆರೆದು ತೂಕಡಿಸುತ್ತಿದ್ದರು. ಟೇಬಲ್ ಮೇಲಿಟ್ಟ ಬಾಟಲಿ ನೀರು ಸ್ನಾನಕ್ಕೆ ಆಗುವಷ್ಟು ಬಿಸಿಯಾಗಿತ್ತು. ಮತಯಂತ್ರ ವಾಪಸ್ ಒಪ್ಪಿಸುವ ಡಿ-ಮಸ್ಟರಿಂಗ್ ಮುಗಿಸಿ ನಡುರಾತ್ರಿ ಮನೆಗೆ ಬಂದು ಬಾಗಿಲಲ್ಲೇ ಹೇಳಿದೆ: “ಶುಕ್ರವಾರ ಬಸವ ಜಯಂತಿ, ಆಮೇಲೆ ಎರಡನೇ ಶನಿವಾರ, ಭಾನುವಾರ ಇದ್ದೇ ಐತಿ. ನೀವು ರಜೆ ಚೀಟಿ ಕೊಡೋದೂ ಬ್ಯಾಡ. ಹೋಗೋಣ.” ನಮ್ಮ ಯಜಮಾನರು ನಿದ್ದೆಗಣ್ಣಲ್ಲೇ ಹೂಂ ಅಂದರು. ಅದು ಒಪ್ಪಿಗೆ ಅಂತ ಬರೆದುಕೊಂಡೆ.

ಮೊದಲು ಬಾಯಿಗೆ ಬಂದ ಹೆಸರು ಊಟಿ. ಎಲ್ಲರ ಬಾಯಿಗೂ ಬರೋದು ಅದೇ ಅಲ್ವಾ? ಆದರೆ ಮದ್ರಾಸ್ ಹೈಕೋರ್ಟ್ ಆದೇಶದಂತೆ ಸರಿಯಾಗಿ ಮೇ 7ರಿಂದಲೇ ಊಟಿಗೂ ಕೊಡೈಕೆನಾಲ್‌ಗೂ ಹೋಗುವ ಗಾಡಿಗಳಿಗೆ ಇ-ಪಾಸ್ ಶುರುವಾಗಿದೆ. ಅರ್ಜಿ ಹಾಕಿದರೆ ಸಿಗುತ್ತದಂತೆ. ಸಿಗಲಿ ಬಿಡಿ, ಗಾಡಿ ಎಣಿಸಲು ಪಾಸ್ ಬೇಕಾಗುವಷ್ಟು ಜನ ಇರುವ ಕಡೆ ಹೋಗಿ ತಂಪು ಎಲ್ಲಿ ಹುಡುಕೋದು? ಕೆಮ್ಮಣ್ಣುಗುಂಡಿ ಅಂತ ತೀರ್ಮಾನ ಆಯ್ತು.

ಅತ್ತೆ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. “ಸಂಡಿಗಿ ಹಾಕೀನಿ. ನಾ ಬರಂಗಿಲ್ಲ, ನೀವು ಹೋಗ್ಬರ್ರಿ.” ಅವರಿಗೆ ಬೇಸಿಗೆ ಅಂದರೆ ಕೆಲಸದ ಕಾಲ. ಸೂರ್ಯ ಹುಟ್ಟೋ ಮೊದಲೇ ಮಾಳಿಗೆ ಹತ್ತಿ, ಹಳೇ ಪಂಚೆ ಒದ್ದೆ ಮಾಡಿ ಹಾಸಿ, ನಾಲ್ಕು ಮೂಲೆಗೆ ಕಲ್ಲು ಇಟ್ಟು, ಒರಳಲ್ಲಿ ಒತ್ತಿ ಮುಗಿಸಿ, ಬಿಸಿಲೇರುವ ಹೊತ್ತಿಗೆ ಕೆಳಗೆ ಇಳಿದಿರಬೇಕು. ಸಂಜೆ ಪಂಚೆಯ ಹಿಂಭಾಗಕ್ಕೆ ನೀರು ಚಿಮುಕಿಸಿ ಒಂದೊಂದೇ ಬಿಡಿಸಬೇಕು. ಆಮೇಲೆ ಮಜ್ಜಿಗೆ ಮೆಣಸಿನಕಾಯಿ, ಆಮೇಲೆ ಹಪ್ಪಳ, ಆಮೇಲೆ ವರ್ಷದ ಖಾರದ ಪುಡಿಗೆ ಒಣಮೆಣಸಿನಕಾಯಿ. ನಾವು ಶಾಪ ಹಾಕುವ ಇದೇ ಬಿಸಿಲು ಒಂದು ದಿನ ಕೈಕೊಟ್ಟರೆ ಅವರ ಮುಖ ಸಪ್ಪಗಾಗುತ್ತದೆ.

ನಮ್ಮಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನುವ ಹಳೇ ಜೋಕು ಇದೆ. ಹೊರಗಿನವರು ಹಗಲಿನ ಬಿಸಿಲಿಗೇ ಹೆದರುತ್ತಾರೆ. ನಮ್ಮನ್ನು ಸೋಲಿಸೋದು ರಾತ್ರಿ. ಊರ ನಡುವೆ ಕೋಟೆ ಹೊತ್ತು ನಿಂತಿರುವ ಬಳ್ಳಾರಿ ಗುಡ್ಡ ಇಡೀ ಬಂಡೆ. ಹಗಲೆಲ್ಲಾ ಕಾದ ಬಂಡೆ, ಕಾದ ಆರ್‌ಸಿಸಿ ಮನೆ, ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಕೂಲರ್ ಇದೆ, ಅದಕ್ಕೆ ನೀರು ಬೇಕು. ಹೋದ ವರ್ಷ ಮಳೆ ಕೈಕೊಟ್ಟಿದೆ, ಈ ಬೇಸಿಗೆಯಲ್ಲಿ ಕೂಲರ್‌ಗೆ ಬಕೆಟ್ ಬಕೆಟ್ ಸುರಿಯೋಕೆ ಮನಸ್ಸಾದರೂ ಹೇಗೆ ಬರುತ್ತದೆ? ನಿದ್ದೆ ಕೆಟ್ಟು ಕೆಟ್ಟು ಮನೆಯಲ್ಲಿ ಎಲ್ಲರ ಮೂಗಿನ ತುದಿಯಲ್ಲೂ ಸಿಟ್ಟು. ಏಪ್ರಿಲ್ ಪೂರ್ತಿ ನಾವಿಬ್ಬರೂ ಜಗಳ ಆಡಿದ್ದು ಯಾವುದಕ್ಕೆ ಅಂತ ಕೇಳಿದರೆ ಇಬ್ಬರಿಗೂ ನೆನಪಿಲ್ಲ.

ಈ ಬಿಸಿಲಿಗೆ ಬ್ರಿಟಿಷರಿಗಿದ್ದ ಮದ್ದು ಸರಳ. ಸರ್ಕಾರವೇ ಗಂಟುಮೂಟೆ ಕಟ್ಟಿಕೊಂಡು ಬೆಟ್ಟ ಹತ್ತುತ್ತಿತ್ತು. 1864ರಿಂದ ಶಿಮ್ಲಾ ಬೇಸಿಗೆ ರಾಜಧಾನಿ. ಮದ್ರಾಸ್ ಸರ್ಕಾರ ಊಟಿಗೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಇಲ್ಲಿ ದೊಡ್ಡ ಕಂಟೋನ್ಮೆಂಟ್ ಇತ್ತು. ಇಲ್ಲಿನ ಬಿಳಿ ಸಿಪಾಯಿಗಳ ಆರೋಗ್ಯಕ್ಕೆ ಅಂತ ಹತ್ತೊಂಬತ್ತನೇ ಶತಮಾನದ ನಡುವಲ್ಲಿ ಸಂಡೂರು ರಾಜರಿಂದ ಜಾಗ ಪಡೆದು, ಸಂಡೂರು ಬೆಟ್ಟಸಾಲಿನ ರಾಮನದುರ್ಗದಲ್ಲಿ ಬಂಗಲೆ ಕಟ್ಟಿದ್ದರು. ಆ ಬೆಟ್ಟ ಸುಮಾರು ಸಾವಿರ ಮೀಟರ್. ಬಳ್ಳಾರಿ ಊರು ಐನೂರಕ್ಕೆ ಸ್ವಲ್ಪ ಕಡಿಮೆ. ಸಾವಿರ ಮೀಟರ್ ಮೇಲೆ ಹೋದರೆ ಆರು ಡಿಗ್ರಿಯಷ್ಟು ಕಡಿಮೆ ಅನ್ನೋ ಲೆಕ್ಕದಲ್ಲಿ ಅವರಿಗೆ ಸಿಕ್ಕಿದ್ದು ಮೂರು ಡಿಗ್ರಿ. ಮೂರೇ ಡಿಗ್ರಿಗೆ ಒಂದು ಊರು ಕಟ್ಟಿದರು ಅಂದರೆ, ಪಾಪ, ಅವರು ಎಷ್ಟು ಬೆಂದಿರಬೇಕು!

ಈಗಿನ ಸರ್ಕಾರ ಬೆಟ್ಟ ಹತ್ತಲ್ಲ, ಗಡಿಯಾರ ತಿರುಗಿಸುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30. ನಮ್ಮ ಯಜಮಾನರು ಒಂದೂವರೆಗೆ ಸರಿಯಾಗಿ ನೆತ್ತಿ ಸುಡುವ ಬಿಸಿಲಲ್ಲಿ ಬೈಕ್ ಹತ್ತಿ ಮನೆಗೆ ಬರುತ್ತಾರೆ. ಇದನ್ನು ಯೋಚನೆ ಮಾಡಿದ ಪುಣ್ಯಾತ್ಮರು ಮನೆಗೆ ಹೋಗುವ ದಾರಿಯನ್ನು ಮರೆತಿದ್ದಾರೆ ಅನ್ನೋದು ನನ್ನ ವಾದ. ಆದರೂ ಇಷ್ಟಾದರೂ ಇದೆ. ನಮ್ಮ ಓಣಿಯ ಹಿಂದೆ ಜೀನ್ಸ್ ಹೊಲಿಯುವ ತಗಡಿನ ಶೆಡ್ ಇದೆ. ಅಲ್ಲಿಗೆ ಗಡಿಯಾರವೂ ತಿರುಗಲ್ಲ, ಬೆಟ್ಟವೂ ಸಿಗಲ್ಲ. ನಿನ್ನೆ ನಾವು ಬ್ಯಾಗು ಡಿಕ್ಕಿಗೆ ತುಂಬುವಾಗ ಅಲ್ಲಿ ಕೆಲಸ ಮಾಡುವ ಪಕ್ಕದ ಮನೆ ಹುಡುಗಿ ಟಿಫಿನ್ ಡಬ್ಬಿ ಹಿಡಿದು ಹೊರಟಿದ್ದಳು. “ಅಕ್ಕಾ, ನನ್ನನ್ನೂ ಡಿಕ್ಕಿಯಾಗ ಹಾಕ್ಕೊಂಡು ಹೋಗ್ರಿ” ಅಂದಳು ನಗುತ್ತಾ. ನಾನೂ ನಕ್ಕೆ. ಕಾರು ಊರು ದಾಟುವ ತನಕ ಆ ಮಾತು ಕಿವಿಯಲ್ಲೇ ಇತ್ತು.

ದಾರಿ ಬಗ್ಗೆ ಜಾಸ್ತಿ ಬರೆಯಲ್ಲ. ಚಳ್ಳಕೆರೆ ತನಕ ಬರಿ ಬಯಲು, ಕುರಿ ಹಿಂಡು, ಜಾಲಿ. ಚಿತ್ರದುರ್ಗದಲ್ಲಿ ಗಾಳಿಯಂತ್ರಗಳು. ಹೊಳಲ್ಕೆರೆ ಕಳೆದ ಮೇಲೆ ಅಡಿಕೆ ತೋಟ ಶುರುವಾಯಿತು, ಕಣ್ಣಿಗೆ ತಂಪಾಯಿತು ಅಂದುಕೊಂಡೆ. ಹತ್ತಿರ ಹೋದರೆ ಎಷ್ಟೋ ಮರಗಳ ಸುಳಿ ಹಳದಿ. ಟ್ಯಾಂಕರ್ ನಿಲ್ಲಿಸಿ ಬುಡಕ್ಕೆ ಪೈಪ್ ಹಿಡಿದಿದ್ದರು. ಅಡಿಕೆಗೂ ಟ್ಯಾಂಕರ್ ನೀರು! ಅಜ್ಜಂಪುರದಲ್ಲಿ ಅಮೃತ್ ಮಹಲ್ ದನ ಕಾಣುತ್ತವೇನೋ ಅಂತ ಮಗ ಕಿಟಕಿಗೆ ಮೂಗು ಒತ್ತಿ ಕೂತಿದ್ದ, ಕಾಣಲಿಲ್ಲ. ತರೀಕೆರೆ, ಲಿಂಗದಹಳ್ಳಿ ದಾಟಿ ಏರು ಶುರುವಾದ ಕೂಡಲೇ ಇವರು ಎಸಿ ಆಫ್ ಮಾಡಿ ಗಾಜು ಇಳಿಸಿದರು. ಒಳಗೆ ಬಂದ ಗಾಳಿ ಬಿಸಿ ಇರಲಿಲ್ಲ. ಯಾರೂ ಮಾತಾಡಲಿಲ್ಲ.

ಇವತ್ತು ಬೆಳಗ್ಗೆ ಮೇಲೆ ಹೋದೆವು. ಕೆಮ್ಮಣ್ಣುಗುಂಡಿ 1434 ಮೀಟರ್. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯೋಕೆ ಬರುತ್ತಿದ್ದ ಜಾಗ, ಕೆ.ಆರ್. ಗಿರಿಧಾಮ ಅನ್ನೋ ಹೆಸರು ಅದಕ್ಕೇ. ಈಗ ತೋಟಗಾರಿಕೆ ಇಲಾಖೆ ನೋಡಿಕೊಳ್ಳುತ್ತದೆ. ಮಹಾರಾಜರಿಗೆ ಊಟಿಯಲ್ಲಿ ಫರ್ನ್‌ಹಿಲ್ ಅರಮನೆಯೂ ಇತ್ತು. ಅರಮನೆ ಇದ್ದ ಮೈಸೂರು ನಮ್ಮೂರಿಗೆ ಹೋಲಿಸಿದರೆ ತಂಪೇ, ಆದರೂ ಎರಡೆರಡು ಬೆಟ್ಟ. ಇರಲಿ, ರಾಜರ ಮಾತು ನಮಗ್ಯಾಕೆ?

ಝಡ್ ಪಾಯಿಂಟ್‌ಗೆ ನಡೆದು ಹೋಗುವ ದಾರಿ ಕಿರಿದು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನೇರ ಕೆಳಗೆ. ಇವರು ಮಗನ ಅಂಗಿ ಕಾಲರ್ ಹಿಡಿದುಕೊಂಡೇ ನಡೆದರು. ಅಷ್ಟರಲ್ಲಿ ಅವನು ಕೂತು ಚಪ್ಪಲಿ ತೋರಿಸಿದ. ಹಿಮ್ಮಡಿಯಿಂದ ಬೆರಳ ತನಕ ಕೆಂಪು ಧೂಳು. “ಅಮ್ಮಾ, ಇದು ನಮ್ಮ ಸಂಡೂರಿನ ಮಣ್ಣು!” ಲಾರಿ ಹಿಂದೆ ಅದಿರಿನ ಧೂಳು ನುಂಗಿ ಬೆಳೆದ ಜಿಲ್ಲೆಯ ಹುಡುಗ, ಬಣ್ಣ ನೋಡಿದ ಕೂಡಲೇ ಗುರುತು ಹಿಡಿದ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಇದೇ ಬೆಟ್ಟದಿಂದ, ರೋಪ್‌ವೇ ತೊಟ್ಟಿಲಲ್ಲಿ ಕೆಳಗೆ ಇಳಿಸುತ್ತಿದ್ದರು. ನಮ್ಮ ಕಡೆಯ ಬೆಟ್ಟಗಳಿಗೆ ತಂಪು ಹುಡುಕಿ ಹೋದವರಿಗಿಂತ ಅದಿರು ಹುಡುಕಿ ಹೋದವರೇ ಹೆಚ್ಚು. ಇಲ್ಲಿ ಗುಲಾಬಿ ತೋಟ ಉಳಿದಿದೆ, ಶೋಲಾ ಕಾಡು ಉಳಿದಿದೆ. ರಾಮನದುರ್ಗದ ಸುತ್ತಮುತ್ತ ನೋಡಿ ಬಂದವರು ಈ ಮಾತು ಬಿಡಿಸಿ ಹೇಳದೇ ಅರ್ಥ ಮಾಡಿಕೊಳ್ಳುತ್ತಾರೆ.

ಇಳಿಯುವಾಗ ಕಲ್ಲತ್ತಿಗಿರಿಯಲ್ಲಿ ನಿಂತೆವು. ವೀರಭದ್ರ ದೇವಸ್ಥಾನದ ಪಕ್ಕದಲ್ಲೇ ನೀರು ಬೀಳುತ್ತದೆ. ಈ ವರ್ಷ ಬೀಳುತ್ತದೆ ಅನ್ನೋದಕ್ಕಿಂತ ಸೋರುತ್ತದೆ ಅನ್ನಬೇಕು. ಆದರೂ ಜನ ತಲೆ ಒಡ್ಡಿ ನಿಂತಿದ್ದರು, ನಾವೂ ನಿಂತೆವು.

ಮಧ್ಯಾಹ್ನದ ಮಾತು ಬರೆಯಲೇಬೇಕು. ಊಟ ಆದ ಮೇಲೆ ತೋಟದ ಯಜಮಾನರು ಜಗಲಿಯಲ್ಲಿ ಕೂತು ಟವೆಲ್‌ನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. “ಎಂತ ಸೆಕೆ ಮಾರಾಯ್ರೆ ಈ ವರ್ಷ!” ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ನಮಗೆ ಆಗ ಒಂದು ಸ್ವೆಟರ್ ಇದ್ದಿದ್ದರೆ ಅನ್ನಿಸುತ್ತಿತ್ತು. ಅವರ ಅಪ್ಪನ ಕಾಲದಲ್ಲಿ ಈ ಮನೆಯಲ್ಲಿ ಫ್ಯಾನೇ ಇರಲಿಲ್ಲವಂತೆ. ಈಗ ಪ್ರತಿ ಕೋಣೆಗೂ ಇದೆ, ಬರುವ ಗಿರಾಕಿಗಳು ಎಸಿ ಇದೆಯಾ ಅಂತ ಫೋನಲ್ಲೇ ಕೇಳುತ್ತಾರಂತೆ. ಈ ಸಲ ಕಾಫಿ ಹೂ ಬಿಡೋಕೆ ಬೇಕಾದ ಹೂಮಳೆ ಸರಿಯಾದ ಹೊತ್ತಿಗೆ ಬರದೆ, ಸ್ಪ್ರಿಂಕ್ಲರ್ ಹಾಕೋಣ ಅಂದರೆ ಕೆರೆಯಲ್ಲಿ ನೀರಿಲ್ಲದೆ, ಹೂವು ಅರ್ಧಂಬರ್ಧ ಆಯಿತು ಅಂತ ಗಿಡ ತೋರಿಸಿದರು. ಒಂದು ರೆಕ್ಕೆ (ಕಾಫಿ ಗಿಡದ ಕೊಂಬೆಗೆ ಇಲ್ಲಿ ಹಾಗನ್ನುತ್ತಾರೆ) ತುಂಬಾ ಪುಟ್ಟ ಹಸಿರು ಕಾಯಿ, ಪಕ್ಕದ ರೆಕ್ಕೆಯಲ್ಲಿ ಕಪ್ಪಗೆ ಕರಕಲಾದ ಮೊಗ್ಗು. ನಾವು ಓಡಿ ಬಂದಿದ್ದು ಯಾವುದರಿಂದಲೋ ಅದೇ ನಮ್ಮ ಹಿಂದೆಯೇ ಬೆಟ್ಟ ಹತ್ತುತ್ತಿದೆ ಅನ್ನಿಸಿತು.

ಅವರ ಹೆಂಡತಿ ಬೇರೆಯದೇ ಕಥೆ ಹೇಳಿದರು. ಅವರಿಗೆ ಬೇಸಿಗೆಯ ಚಿಂತೆ ಇಲ್ಲ, ಜುಲೈ ಬಂದರೆ ಜೀವ ಹೋಗುತ್ತದೆ. “ಬಟ್ಟೆ ಒಣಗೋದೇ ಇಲ್ಲ ಅಂತೀನಿ. ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಹಾಕ್ತೀವಿ, ಹಾಕ್ಕೊಂಡ ಬಟ್ಟೆ ಎಲ್ಲಾ ಹೊಗೆ ವಾಸನೆ. ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೂ ಬೂಷ್ಟು. ಮಂಡಿ ನೋವು ಬೇರೆ.” ಹಾಗಾಗಿ ಮಳೆಗಾಲದಲ್ಲಿ ಅವರು ದಾವಣಗೆರೆಯ ಮಗಳ ಮನೆಗೆ ಹೋಗಿಬಿಡುತ್ತಾರೆ. ಯಾಕೆ ಅಂದರೆ, ಬಿಸಿಲು ಕಾಯಿಸಿಕೊಳ್ಳೋಕೆ! ನನಗೆ ನಗು ತಡೆಯಲಾಗಲಿಲ್ಲ. ಬಿಸಿಲು ಬೇಕು ಅಂತ ನಮ್ಮ ಕಡೆಗೆ ಪ್ರವಾಸ ಬರುವವರೂ ಇದ್ದಾರೆ ಅಂತ ಈ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ.

“ಹಂಗಾದ್ರೆ ಬಳ್ಳಾರಿಗೇ ಬರ್ರಿ, ದಾವಣಗೆರಿಗಿಂತ ಒಂದು ಕೈ ಮ್ಯಾಲೆ” ಅಂದರು ನಮ್ಮ ಯಜಮಾನರು.

ಮಳೆ ಬಂದಿದ್ದು ನಾಲ್ಕು ಗಂಟೆ ಮೇಲೆ. ಮೊದಲು ಗಾಳಿ, ಸಿಲ್ವರ್ ಓಕ್ ಎಲೆ ಎಲ್ಲಾ ಬೆಳ್ಳಗೆ ತಿರುಗಿದವು. ಆಮೇಲೆ ದಪ್ಪ ಹನಿ. ಮಗ ಅಂಗಳದಲ್ಲಿ ನೆನೆದು ಕುಣಿದ, ಬಯ್ಯಬೇಕು ಅನ್ನಿಸಲೇ ಇಲ್ಲ. ತೋಟದವರಂತೂ ಅವನಿಗಿಂತ ಜಾಸ್ತಿ ಖುಷಿಯಲ್ಲಿದ್ದರು. ನಾಳೆಯಿಂದ ಇಂಬಳ (ಜಿಗಣೆ) ಏಳುತ್ತವೆ ನೋಡಿ ಅಂತ ಹೆದರಿಸಿದರು.

ನೆಟ್‌ವರ್ಕ್ ಬಂದ ಮೇಲೆ ಅತ್ತೆಗೆ ಫೋನ್ ಮಾಡಿದೆ. ಅಲ್ಲೂ ಮೋಡ ಕಟ್ಟಿ ನಾಲ್ಕು ಹನಿ ಉದುರಿದೆ. ಸೆಕೆ ಕಡಿಮೆ ಆಯ್ತಾ ಅಂತ ಕೇಳಿದೆ. “ಸೆಕಿ ಹಾಳಾಗ್ಲಿ, ಸಂಡಿಗಿ ತೊಯ್ಯತಿತ್ತು! ಮಾಳಿಗಿ ಮ್ಯಾಲೆ ಓಡ್ಹೋಗಿ ಪಂಚಿ ಸುತ್ಕೊಂಡು ಬಂದೆ. ಆ ಜೀನ್ಸ್ ಹುಡುಗಿ ಒಂದು ಕಡಿ ಹಿಡದ್ಲು, ಇಲ್ಲಾಂದ್ರ ಎಲ್ಲಾ ಗಂಜಿ ಆಗತಿತ್ತು.” ಆ ಹುಡುಗಿಗೆ ಒಂದು ಡಬ್ಬಿ ಕೊಡ್ರಿ ಅಂದೆ. ಆಗಲೇ ಕೊಟ್ಟಾಗಿತ್ತು.

ನಾಳೆ ಬೆಳಗ್ಗೆ ತಿಂಡಿಗೆ ಕಾಯದೆ ಹೊರಡಬೇಕು, ಇಲ್ಲದಿದ್ದರೆ ಚಳ್ಳಕೆರೆಯಿಂದಾಚೆ ಬಿಸಿಲು ಸಿಕ್ಕಿಬಿಡುತ್ತದೆ. ಕಾಫಿ ಪುಡಿ ಒಂದು ಕೆಜಿ ಕಟ್ಟಿಸಿದ್ದೇನೆ, ಮನೆಯಲ್ಲಿ ಕುಡಿಯೋದು ಚಹಾ ಆದರೂ. ತೋಟದಮ್ಮ ಈಗಷ್ಟೇ ಟಾರ್ಚ್ ಹಿಡಿದು ಬಂದು ನಮ್ಮ ಮನೆ ವಿಳಾಸ ಬರೆಸಿಕೊಂಡು ಹೋದರು. ಜುಲೈಯಲ್ಲಿ ನಿಜವಾಗಿಯೂ ಬರುತ್ತಾರಂತೆ. ಎರಡು ಸೂಟ್‌ಕೇಸ್ ತುಂಬಾ ಒದ್ದೆ ಬಟ್ಟೆ ತರುತ್ತೇನೆ, ಮಾಳಿಗೆ ಖಾಲಿ ಇಟ್ಟಿರಿ ಅಂದರು.